ಬಾಗಿಲಿಗೆ ಬೆನ್ನು ಕೊಟ್ಟು

ಉಗಾರ ಖುರ್ದ
12 ನವೆಂಬರ್ 2024

ನಿಪ್ಪಾಣಿಯ ಬೀಗತಿಯವರಿಗೆ ಜಿನಮತಿ ಬರೆಯುವುದು. ಜಯ ಜಿನೇಂದ್ರ.

ಇಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ. ಅದನ್ನೇ ಕ್ಷೇಮ ಅನ್ನುವುದಾದರೆ ಕ್ಷೇಮ.

ನಿಮ್ಮ ಕಾಗದ ಬಂತು. ನನ್ನ ಮಗಳು ಸ್ನೇಹಲ ನಿಮ್ಮ ಮನೆಯಲ್ಲಿ ಡೆಂಗಿ ಜ್ವರ ಬಂದು ಸತ್ತು ಐದು ತಿಂಗಳಾಯಿತು. ಇಷ್ಟು ದಿನಕ್ಕೆ ನಿಮಗೆ ನನ್ನ ವಿಳಾಸ ನೆನಪಾಯಿತಲ್ಲ, ದೊಡ್ಡ ಮಾತು. ಆಸ್ಪತ್ರೆಗೆ ಸೇರಿಸಿದ ದಿನವೇ ನೆನಪಾಗಿದ್ದರೆ ಬದುಕಿರುವ ಮಗಳ ಮುಖ ನೋಡುತ್ತಿದ್ದೆ. ಮರುದಿನ ಮೋಟಾರ್ ಸೈಕಲ್ ಮೇಲೆ ಆಳು ಬಂದು ಹೇಳಿದ. ನಾನು ಬರುವಷ್ಟರಲ್ಲಿ ನೀವು ಕಟ್ಟಿಗೆ ಒಟ್ಟಿದ್ದಿರಿ. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ತಂದಿದ್ದಿರಿ. ಮೊಮ್ಮಗಳಿಗೂ ತೋರಿಸಲಿಲ್ಲ. ಎಲ್ಲದಕ್ಕೂ ನಿಮ್ಮ ಮನೆಯವರಿಗೆ ಗಡಿಬಿಡಿ.

ಪ್ರಾಜಕ್ತಾ ಆವತ್ತಿನಿಂದ ಮಾತೇ ಆಡಿಲ್ಲ ಅಂತ ಬರೆದಿದ್ದೀರಿ. ಆರು ವರ್ಷದ ಕೂಸು ಮಾತಿಲ್ಲದೆ ಮೂಲೆ ಹಿಡಿದಿದೆ ಅಂತ ಓದಿ, ನಿಮ್ಮ ಮೇಲಿನ ಸಿಟ್ಟನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಅತ್ತೆ. ಸ್ನೇಹಲಳ ಹಳೆಯ ಮೊಬೈಲಿನಲ್ಲಿ ರೆಕಾರ್ಡಾಗಿದ್ದ ನನ್ನ ದನಿ ಕೇಳಿಸಿದಾಗ ಮಾತ್ರ ತಿರುಗಿ ನೋಡಿತು, ಅಜ್ಜಿ ಬರಲಿ ಅಂತ ಡಾಕ್ಟರು ಅಂದರು, ಕೂಸನ್ನು ಕರೆತರೋಣವೆಂದರೆ ಗಾಡಿ ಹತ್ತಿಸಿದರೆ ಕಚ್ಚುತ್ತದೆ, ಇದೆಲ್ಲ ತಿಳಿಯಿತು. ಅವ್ವನನ್ನು ಹಾಕಿಕೊಂಡು ಹೋದ ಗಾಡಿ ತಿರುಗಿ ತರದಿದ್ದರೆ ಯಾವ ಕೂಸು ಗಾಡಿ ಹತ್ತೀತು?

ಆದರೆ ನಾನು ಬರುವ ಹಾಗಿಲ್ಲ. ಚಾತುರ್ಮಾಸಕ್ಕೆ ಬಂದ ಮುನಿ ಮಹಾರಾಜರ ಮುಂದೆ ಇಡೀ ಬಸದಿ ಕೇಳುವಂತೆ ನೇಮ ತೊಗೊಂಡಿದ್ದೇನೆ: ಉಸಿರಿರುವ ತನಕ ಕೃಷ್ಣಾ ಹೊಳೆ ದಾಟುವುದಿಲ್ಲ. "ಅವ್ವಾ, ನಾಕ ತಿಂಗಳ ಮಟ್ಟಿಗೆ ತಗೋ, ಸಾಕು" ಅಂದರು ಅವರು. "ಸಾಯೂತನಾ ಕೊಡ್ರಿ" ಅಂದೆ. ನಿಮ್ಮ ಊರು ಹೊಳೆಯ ಆಚೆ ಇದೆ, ನಾನೇನು ಮಾಡಲಿ.

ಮಗ ಸಮ್ಮೇದನ ಫೋನಿನಲ್ಲಿ ಮುಖ ಕಾಣುವಂತೆ ಮಾತಾಡಬಹುದಂತೆ. ರವಿವಾರ ಹತ್ತಕ್ಕೆ ಮಾಡಿಸುತ್ತೇನೆ. ನೀವು ಫೋನನ್ನು ಕೂಸಿನ ಮುಂದೆ ಇಟ್ಟು ಬಾಜೂಕೆ ಸರಿಯಿರಿ. ನಿಮ್ಮ ದನಿ ಕೇಳಿದರೆ ನನಗೆ ಅನ್ನ ಸೇರುವುದಿಲ್ಲ. ಹೇಳುವುದೇನಿದ್ದರೂ ಕಾಗದದಲ್ಲಿ ಹೇಳಿರಿ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳಾದರೂ ಓದಲು ಬರುತ್ತದೆ.

ಜಿನಮತಿ


ನಿಪ್ಪಾಣಿ
2 ಡಿಸೆಂಬರ್ 2024

ಜಿನಮತಿ ಅಕ್ಕನವರಿಗೆ ತಾರಾಬಾಯಿಯ ನಮಸ್ಕಾರ.

ನಿನ್ನೆ ಈ ಕಡೆ ಏನಾಯಿತು ಅಂತ ನಿಮಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮುಖ ಕಂಡ ಕೂಡಲೇ ಪ್ರಾಜು ಮೂಲೆಯಿಂದ ಎದ್ದು ಬಂದಳು. ಫೋನಿನ ಮುಂದೆ ಕೂತು ರೆಪ್ಪೆ ಬಡಿಯದೆ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದೆ.

ಆಮೇಲೆ ಚಿತ್ರ ನಿಂತಿತು. ನಿಮ್ಮ ಬಾಯಿ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಹಾಗೇ ನಿಂತಿತು. ದನಿ ಮಾತ್ರ ಬರುತ್ತಿತ್ತು, "ಪ್ರಾಜೂ, ಕೇಳಾಕತ್ತೈತೇನ ನನ ಕೂಸ?" ಅಂತ. ಪ್ರಾಜು ಬೆರಳು ಚಾಚಿ ನಿಮ್ಮ ಕಣ್ಣನ್ನು ಮುಟ್ಟಿದಳು. ಮುಟ್ಟಿ ಚೀರಿದಳು. ಅಕ್ಕಾ, ಆವತ್ತು ಆಸ್ಪತ್ರೆಗೆ ಒಯ್ಯುವಾಗ ಗಾಡಿಯಲ್ಲಿ ಸ್ನೇಹಲಳ ಕಣ್ಣು ಹಾಗೇ ಇದ್ದವು. ಇವಳು ಗಾಡಿಗೆ ಜೋತುಬಿದ್ದು ಹೀಗೇ ಬೆರಳಿನಿಂದ ಮುಟ್ಟಿದ್ದಳು.

ರಾತ್ರಿಯಿಂದ ಏನೂ ತಿಂದಿಲ್ಲ. ಇವತ್ತು ಮಗ ನಿಲೇಶ ಹೋಗಿ ಡಾಕ್ಟರಿಗೆ ಕೇಳಿ ಬಂದ. ಮಾತಾಡಿಸಿರಿ, ಆದರೆ ನಡುವೆ ನಿಲ್ಲುವ ಹಾಗಿದ್ದರೆ ಬೇಡವೇ ಬೇಡ, ಅಂದರಂತೆ. ನಮ್ಮ ಮನೆಯಲ್ಲಿ ಫೈಬರ್ ಇದೆ, ಈ ಕಡೆ ತೊಂದರೆ ಇಲ್ಲ. ಆ ಕಡೆಯದು ನಿಲ್ಲದಂತೆ ಮಾಡಿಸಿರಿ. ಇಲ್ಲವೆ ನೀವೇ ಬರ್ರಿ.

ತಾರಾಬಾಯಿ


ಉಗಾರ ಖುರ್ದ
22 ಡಿಸೆಂಬರ್ 2024

ಬೀಗತಿಯವರಿಗೆ.

ನಿಮ್ಮ ಕಾಗದ ಓದಿದ ಮೇಲೆ ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ.

ಮೊಬೈಲಿನ ನೆಟ್ಟನ್ನು ನಂಬಬಾರದು ಅಂತ ಗೊತ್ತಾಯಿತು. ತಿಂಗಳಿಗೆ ಮುನ್ನೂರು ರೂಪಾಯಿ ಅಂತ ಸಮ್ಮೇದ ಹಿಗ್ಗಿದ್ದ. ಸೋವಿ ಸರಕು ಸೋವಿಯಂತೆಯೇ ನಡೆಯುತ್ತದೆ. ಅಂಗಳಕ್ಕೆ ಬಂದರೆ ಒಂದು ಗೀಟು, ಮಾಳಿಗೆ ಹತ್ತಿದರೆ ಮೂರು ಗೀಟು, ಅಡುಗೆಮನೆಯಲ್ಲಿ ಏನೂ ಇಲ್ಲ. ಸಕ್ಕರೆ ಕಾರಖಾನೆಯ ಪಾಳಿ ಬಿಟ್ಟಾಗ ಮಂದಿಯೆಲ್ಲ ಒಮ್ಮೆಲೆ ಫೋನಿಗೆ ಕಣ್ಣು ಹಚ್ಚುತ್ತಾರೆ, ಆಗ ಮಾಳಿಗೆಯ ಮೇಲೂ ಇಲ್ಲ.

ನೆಟ್ಟು ಹಾಕುವ ಲಗಮಣ್ಣನನ್ನು ಕರೆಸಿದೆ. ಅವನು ನಿಂತುಕೊಂಡೇ ಮಾತು ಶುರು ಮಾಡಿದ.

"ಆಯಿ, ಮೊಬೈಲ್ ನೆಟ್ ಅಂದ್ರ ಓಣಿ ಮಂದಿಯೆಲ್ಲಾ ಒಂದ ನಳಕ್ಕ ಕೊಡಾ ಹಚ್ಚಿದಂಗ. ನಿಮಗ ಬರೂದು ಹನಿ ಹನಿ."

"ಹಳೇ ಟೆಲಿಫೋನಿನ ತಂತಿ ಐತಲ್ಲೋ ಮನ್ಯಾಗ, ಅದರಾಗ ಬರೂದಿಲ್ಲೇನು?"

"ರಸ್ತೆ ಅಗದಾಗ ಜೆಸಿಬಿ ಅದನ್ನ ನುಂಗಿ ಭಾಳ ದಿನಾ ಆತ್ರಿ. ಫೈಬರ್ ಹಾಕಸ್ರಿ. ಗಾಜಿನ ಎಳಿ, ನಿಮ್ಮ ಮನಿಗೇ ಅಂತ ಒಂದ ಪೈಪ್ ಇದ್ದಂಗ. ಹಾಕೂ ಖರ್ಚ ಬ್ಯಾರೆ, ತಿಂಗಳಿಗೆ ಐದನೂರರ ಮ್ಯಾಲ."

"ಹಂಗಾದ್ರ ಹಾಕು. ಏನ ತಲಿ ಕೆರಕೋಂತ ನಿಂತಿ?"

"ಈಗ ಕಬ್ಬ ನುರಸೂ ಹಂಗಾಮ ಐತ್ರಿ. ಕಬ್ಬಿನ ಟ್ರಾಲಿ ನಿಮ್ಮ ಓಣ್ಯಾಗಿಂದನ ಹೊಕ್ಕಾವು. ಮುಗಲಿಗೆ ಮುಟ್ಟೂಹಂಗ ಹೇರಿರ್ತಾರ. ಮ್ಯಾಲಿನ ತಂತಿ ಕಬ್ಬಿಗೆ ಸಿಕ್ಕ ಹರಿತಾವು."

"ಮತ್ತೇನ ಮಾಡಬೇಕಪಾ?"

"ಮಾಳಿಗಿ ಮ್ಯಾಲ ಒಂದ ತಟ್ಟಿ ಕೂಡಸೋಣು. ಟವರಿನ್ಯಾಗಿಂದ ಗಾಳ್ಯಾಗ ಬರತೈತಿ, ತಂತೀನ ಬ್ಯಾಡ. ಫೈಬರಿಗಿಂತ ದುಬಾರಿ. ಉಪಗ್ರಹದಿಂದ ಬರೂದೂ ಒಂದ ಐತಿ, ಅದಕ್ಕ ನೀವು ಎಮ್ಮಿ ಮಾರಬೇಕಾಗತೈತಿ."

"ಎಮ್ಮಿ ಸುದ್ದಿಗೆ ಬರಬ್ಯಾಡ. ನಡಿ ಮಾಳಿಗಿಗೆ."

ತಟ್ಟೆ ಕೂತಿತು. ದೀಪ ಮಿನುಗುವ ಪೆಟ್ಟಿಗೆಯನ್ನು ಸ್ನೇಹಲಳ ಖೋಲಿಯ ಬಾಗಿಲ ಮೇಲೆ ಹೊಡೆದಿದ್ದಾನೆ. ಮನೆಯ ನಡುಮಧ್ಯ ಅದೇ ಅಂತೆ, ಎಲ್ಲ ಕಡೆ ಸಮನಾಗಿ ಸಿಗುತ್ತದಂತೆ. ಲಗ್ನದ ಮೊದಲು ಅವಳು ಮಲಗುತ್ತಿದ್ದ ಖೋಲಿ. ಜೂನ್‌ನಿಂದ ಆ ಬಾಗಿಲನ್ನು ಹಾಕಿಯೇ ಇಟ್ಟಿದ್ದೇನೆ. ಪೆಟ್ಟಿಗೆಯ ಕೆಳಗೇ ಕುರ್ಚಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ.

ಬಸದಿಯ ಹೆಂಗಸರಿಗೆ ಇದೂ ಕಣ್ಣಿಗೆ ಬಿತ್ತು. ನೇಮ ಹಿಡಿದವಳು ಗಡಿಯಾಚೆ ದನಿ ಕಳಿಸಬಾರದಂತೆ, ಮುಖ ತೋರಿಸಬಾರದಂತೆ, ಅದೂ ದಾಟಿದಂತೆಯೇ ಅಂತೆ. ಶಾಸ್ತ್ರದಲ್ಲಿ ಹಾಗೆ ಇರಬಹುದು. ನನಗೆ ಹೇಳಿದವಳು ಬಸದಿಯ ಕಟ್ಟೆಯ ಮೇಲೆ ಕೂತು ಪುಣೆಯ ಸೊಸೆಗೆ ಫೋನಿನಲ್ಲಿ ಬೈಯುವವಳು. "ನಿನ್ನ ಬಾಯಿ ದಾಟಿದಷ್ಟು ನನ್ನ ಮಾರಿ ದಾಟಿಲ್ಲ ತಗೋ" ಅಂದೆ.

ಬರುವ ರವಿವಾರ ಕೂಸನ್ನು ಕೂರಿಸಿರಿ.

ಜಿನಮತಿ


ಉಗಾರ ಖುರ್ದ
10 ಫೆಬ್ರುವರಿ 2025

ಬೀಗತಿಯವರಿಗೆ.

ನಿನ್ನೆಯದನ್ನು ನೀವು ಬರೆಯಬೇಡಿರಿ. ಈ ಸಲ ಕೂಸಿನ ಚೀರು ನನಗೂ ಕೇಳಿತು. ಚಿತ್ರ ಹೋಗಿತ್ತು, ಫೋನು ತಾನೇ ಮೊಬೈಲಿನ ನೆಟ್ಟಿಗೆ ಹಾರಿ ದನಿ ಇನ್ನೂ ಒಂದು ಕ್ಷಣ ಇತ್ತು.

ಜನವರಿಯಿಡೀ ತಟ್ಟೆ ಚೆನ್ನಾಗಿಯೇ ನಡೆಯಿತು. ಕೂಸು ಬಂದು ಕೂರುತ್ತಿತ್ತು, ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿತ್ತು. ನಾನು ಎಮ್ಮೆಯ ಸುದ್ದಿ, ಬೆಕ್ಕಿನ ಸುದ್ದಿ ಹೇಳುತ್ತಿದ್ದೆ. ಅಷ್ಟರಲ್ಲಿ ಬಾಜೂಮನೆಯ ಅಣ್ಣಾಸಾಬ ತನ್ನ ಮಾಳಿಗೆಯ ಮೇಲೆ ನೀರಿನ ಟಾಕಿ ಕಟ್ಟಿಸಿದ. ತಟ್ಟೆಗೂ ಟವರಿಗೂ ನಡುವೆ ಅದು ಬಂತು. ತಟ್ಟೆಗೆ ಟವರ್ ಕಣ್ಣಿಗೆ ಕಾಣಬೇಕಂತೆ, ಇಲ್ಲದಿದ್ದರೆ ಅದು ಹಿತ್ತಾಳೆ ಪರಾತಕ್ಕಿಂತ ಕಡೆ. "ನಿಮ್ಮ ನೆಟ್ಟಿನ ಸಲುವಾಗಿ ನಾವು ನೀರ ಕುಡಿಯೂದ ಬಿಡೂಣೇನ್ರಿ?" ಅಂದ ಅಣ್ಣಾಸಾಬ. ಅವನದೂ ಸುಳ್ಳಲ್ಲ.

ಫೈಬರ್ ಹಾಕಿಸಿದೆ. ಮತ್ತೆ ರೊಕ್ಕ ಸುರಿದೆನೆಂದು ಸಮ್ಮೇದ ಒಂದು ದಿನವೆಲ್ಲ ಗೊಣಗಿದ. ಚಿತ್ರ ಎಷ್ಟು ನಿಚ್ಚಳ ಅಂದರೆ ಕೂಸಿನ ಹಣೆಯ ಮೇಲಿನ ಸೀತಾಳೆ ಸಿಡುಬಿನ ಕಲೆ ಕಂಡಿತು. ನಿನ್ನೆ ಎಮ್ಮೆ ಕರು ಹಾಕಿದ ಸುದ್ದಿ ಹೇಳುತ್ತಿದ್ದೆ. ಹೊರಗೆ ಟ್ರ್ಯಾಕ್ಟರಿನ ಸಪ್ಪಳವಾಯಿತು. ಹಿಂದೆ ಎರಡು ಟ್ರಾಲಿ. ಓಡಿ ಹೋಗಿ ನಿಲ್ಲಿಸಬೇಕೆಂದು ಏಳುವಷ್ಟರಲ್ಲಿ ತಂತಿ ಪಟ್ಟನೆ ಹರಿಯಿತು. ಕಬ್ಬಿನ ಗರಿಗೆ ತೂಗುಬಿದ್ದು ಕಾರಖಾನೆಯ ಕಡೆ ಹೋಯಿತು.

ಡ್ರೈವರನಿಗೆ ಏನೇನು ಬೈದೆನೋ. ಪಾಪ, ಅವನಿಗೆ ತಾನು ಏನು ಹರಿದೆ ಅಂತಲೇ ತಿಳಿಯಲಿಲ್ಲ.

ಜಿನಮತಿ


ನಿಪ್ಪಾಣಿ
15 ಫೆಬ್ರುವರಿ 2025

ಜಿನಮತಿ ಅಕ್ಕನವರಿಗೆ.

ಈ ಸಲ ಸಿಟ್ಟಿನಿಂದ ಬರೆಯುತ್ತಿದ್ದೇನೆ, ದೊಡ್ಡವರು ಕ್ಷಮಿಸಬೇಕು.

ಪ್ರಾಜು ಈಗ ಫೋನಿನ ಮೇಲೆ ಟವೆಲ್ ಹೊದಿಸಿ ಇಟ್ಟಿದ್ದಾಳೆ. ಸತ್ತವರಿಗೆ ಹೊದಿಸಿದಂತೆ.

ನೀವು ಮೊಬೈಲ್ ನೋಡಿದಿರಿ, ತಟ್ಟೆ ನೋಡಿದಿರಿ, ಫೈಬರ್ ನೋಡಿದಿರಿ. ಯಾವುದಕ್ಕೆ ಎಷ್ಟು ರೊಕ್ಕ, ಯಾವುದು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಈಗ ನಿಮಗೆ ನಮ್ಮ ನಿಲೇಶನಿಗಿಂತ ಚೆನ್ನಾಗಿ ಗೊತ್ತು. ಇನ್ನೊಂದನ್ನು ನೀವು ನೋಡಲೇ ಇಲ್ಲ. ಉಗಾರದಿಂದ ಕುಡಚಿ, ರಾಯಬಾಗ, ಚಿಕ್ಕೋಡಿ ಮೇಲೆ ಬಸ್ಸು ಬರುತ್ತದೆ. ಆಧಾರ್ ಕಾರ್ಡ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಫುಕಟ್. ಅದರಲ್ಲಿ ಕೂತು ಬಂದವರ ಮುಖ ನಡುವೆ ನಿಲ್ಲುವುದಿಲ್ಲ.

ನೇಮದ ಬಗ್ಗೆ ಮಾತಾಡುವಷ್ಟು ದೊಡ್ಡವಳು ನಾನಲ್ಲ. ಆದರೆ ಅಕ್ಕಾ, ನೀವು ದಾಟದೆ ಇರುವುದು ಹೊಳೆಯನ್ನಲ್ಲ, ನನ್ನ ಹೊಸ್ತಿಲನ್ನು.

ಆವತ್ತು ಹೇಳಿ ಕಳಿಸಲಿಲ್ಲ ಅನ್ನುತ್ತೀರಿ. ಆಸ್ಪತ್ರೆಯ ಪಾವಟಿಗೆಯ ಮೇಲೆ ಕೂತು ನಾನು ಸಾಯಂಕಾಲದ ತನಕ ನಿಮಗೆ ಫೋನ್ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಹೇಳುವಳು, ಇಂಗ್ಲಿಷಿನಲ್ಲಿ ಹೇಳುವಳು. ಸ್ಮಶಾನದಲ್ಲಿ ಇದನ್ನು ನಿಮಗೆ ಹೇಳಲು ಬಂದರೆ, "ಸುಳ್ಳ ಬೊಗಳಬ್ಯಾಡ" ಅಂದಿರಿ.

ತಾರಾಬಾಯಿ


ಉಗಾರ ಖುರ್ದ
20 ಏಪ್ರಿಲ್ 2025

ತಾರಾಬಾಯಿಯವರಿಗೆ.

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು, ಅದಕ್ಕೆ ಏಳುತ್ತಿದ್ದೆ.

ಕಾರಖಾನೆಯ ಹಂಗಾಮು ಮುಗಿದಿದೆ. ಓಣಿಯಲ್ಲಿ ಟ್ರಾಲಿ ಇಲ್ಲ. ಲಗಮಣ್ಣ ಹೊಸ ತಂತಿಯನ್ನು ಗೋಡೆಯ ಗುಂಟ ಎಳೆದು, ರಸ್ತೆ ಬಂದಲ್ಲಿ ಕೊಳವೆಯೊಳಗೆ ಹಾಕಿ ನೆಲದಲ್ಲಿ ಹುಗಿದಿದ್ದಾನೆ. ಕರೆಂಟು ಹೋದರೂ ಪೆಟ್ಟಿಗೆ ಆರಬಾರದೆಂದು ಬ್ಯಾಟರಿ ಕೂಡಿಸಿದ್ದಾನೆ. ಕೂಸು ಟವೆಲ್ ತೆಗೆದ ದಿನದಿಂದ ಒಂದು ರವಿವಾರವೂ ಚಿತ್ರ ನಿಂತಿಲ್ಲ, ನೀವೇ ನೋಡಿದ್ದೀರಿ. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಮೊಬೈಲ್ ಸೋವಿ, ಅಡ್ಡಾಡುವವರಿಗೆ ಸರಿ, ಜೀವ ಒತ್ತೆ ಇಟ್ಟು ಕೂರುವವರಿಗೆ ಅಲ್ಲ. ತಟ್ಟೆ ಚಲೋ, ನೆರೆಮನೆಯವನು ಮನೆ ಎತ್ತರಿಸದಿದ್ದರೆ. ಫೈಬರಿಗೆ ರೊಕ್ಕ ಸುರಿಯಬೇಕು, ಸುರಿದರೆ ನೆಲದೊಳಗೆ ಹುಗಿಸಿಯೇ ಸುರಿಯಬೇಕು.

ಕೂಸು ಇವತ್ತು ಬಣ್ಣದ ಹಾಳೆ ತೋರಿಸಿತು. ಮನೆಯ ಚಿತ್ರ, ಅದಕ್ಕೊಂದು ದೊಡ್ಡ ಬಾಗಿಲು. ಬಾಯಿ ತೆರೆಯುವುದೊಂದೇ ಬಾಕಿ, ತುಟಿ ಅಲುಗಿದ್ದನ್ನು ಕಂಡೆ.

ಇನ್ನೊಂದು. ಬ್ಯಾಟರಿ ಕೂಡಿಸುವಾಗ ಲಗಮಣ್ಣ ತನ್ನಷ್ಟಕ್ಕೆ ಮಾತಾಡುತ್ತಿದ್ದ. "ನಮ್ಮ ಟವರಿಂದೂ ಇದ ಹಾಡು, ಆಯಿ. ಕರೆಂಟ ಹೋಗಿ ಸ್ವಲ್ಪ ಹೊತ್ತಾತಂದ್ರ ಸಾಯತೈತಿ. ಹ್ವಾದ ವರ್ಷ ಜೂನದಾಗ ಗಾಳಿಗೆ ಕಂಬಾ ಬಿದ್ದು ಇಡೀ ಊರಿಗೆ ಎರಡ ದಿನ ರೇಂಜ್ ಇರಲಿಲ್ಲ, ನೆನಪೈತೇನ್ರಿ?" ಅಂದ. ಯಾವ ದಿನ ಅಂತ ಕೇಳಿದೆ. ಹೇಳಿದ.

ಆ ಎರಡು ದಿನದಲ್ಲಿ ನಿಮ್ಮ ಪಾವಟಿಗೆಯ ದಿನವೂ ಇತ್ತು.

ನಾನು ಅವನಿಗೆ ಚಹಾ ಕೊಡುವುದನ್ನೂ ಮರೆತೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಜಿನಮತಿ


ಉಗಾರ ಖುರ್ದ
26 ಮೇ 2025

ತಾರಾಬಾಯಿಯವರಿಗೆ.

ನಿನ್ನೆ ನೆಟ್ಟು ಹೋಗಿರಲಿಲ್ಲ. ಫೋನನ್ನು ನಾನೇ ಬಂದ್ ಮಾಡಿದೆ.

ನೀವು ಅಡುಗೆಮನೆಯಲ್ಲಿದ್ದಿರಿ, ಕೇಳಿಸಿತೋ ಇಲ್ಲವೋ. ಕೂಸು ಮಾತಾಡಿತು. ಹನ್ನೊಂದು ತಿಂಗಳಿಗೆ ಬಾಯಿ ತೆರೆಯಿತು. ನಾನು ಕರುವಿನ ಸುದ್ದಿ ಹೇಳುತ್ತಿದ್ದೆ, ಅದು ಕತ್ತು ಉದ್ದ ಮಾಡಿ ನೋಡುತ್ತಿತ್ತು. ಆಮೇಲೆ ಅಂದಿತು:

"ಅಜ್ಜಿ, ಬಾಜೂಕ ಸರಿ."

ನನ್ನ ಎದೆ ತುಂಬಿತು. ಯಾಕ ನನ ಕೂಸ, ಅಂದೆ.

"ಬಾಗಲಾ ತಗಿ. ಅವ್ವ ಒಳಗ ಅದಾಳ."

ತಾರಾಬಾಯಿ, ಇಷ್ಟು ದಿನ ಅದು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಹಿಂದಿನ ಬಾಗಿಲು ಎಂದು ತೆರೆಯುತ್ತದೆ ಅಂತ ಕಾಯುತ್ತಿತ್ತು. ಎಷ್ಟು ಬಗೆಯ ನೆಟ್ಟು ಹಾಕಿಸಿದೆನೋ ಅಷ್ಟೂ ಆ ಬಾಗಿಲನ್ನು ತೋರಿಸಲು ಹಾಕಿಸಿದಂತಾಯಿತು.

ಸ್ನೇಹಲ ನಮ್ಮ ಮನೆಯಲ್ಲಿದ್ದಾಳೆ ಅಂತ ಅದರ ತಲೆಯಲ್ಲಿ ಹೇಗೆ ಬಂತು? ಬರೆಯಿರಿ. ಏನಿದ್ದರೂ ಬರೆಯಿರಿ, ನಾನು ಬೈಯುವುದಿಲ್ಲ.

ಜಿನಮತಿ


ನಿಪ್ಪಾಣಿ
30 ಮೇ 2025

ಅಕ್ಕಾ,

ಆ ಮಾತು ಹೇಳಿದವಳು ನಾನು. ಗಾಡಿ ಹೋದ ಮೇಲೆ ಕೂಸು ಹೊಸ್ತಿಲ ಮೇಲೆ ಕೂತು, ರಾತ್ರಿ ನಾನು ಆಸ್ಪತ್ರೆಯಿಂದ ಬಂದರೂ ಏಳಲೇ ಇಲ್ಲ. ಒಂದು ತುತ್ತಾದರೂ ತಿನ್ನಲಿ ಅಂತ, "ನಿಮ್ಮವ್ವ ಉಗಾರಕ್ಕ ಹೋಗ್ಯಾಳ, ಅಜ್ಜಿ ಮನಿಗೆ. ಬರ್ತಾಳ" ಅಂದೆ. ತಿಂದಿತು. ಸಣ್ಣವರಿದ್ದಾಗ ನಮಗೂ ಹೀಗೇ ಹೇಳುತ್ತಿದ್ದರು. ತವರಿಗೆ ಹೋದವಳು ತಿರುಗಿ ಬಂದೇ ಬರುತ್ತಾಳೆ, ಅದಕ್ಕೆ ಬಾಯಿಗೆ ಬಂದದ್ದು ಅದೇ ಮಾತು. ಆಮೇಲೆ ತಿದ್ದುವ ಧೈರ್ಯ ಬರಲಿಲ್ಲ. ಕೂಸು ಮಾತು ಬಿಟ್ಟ ಮೇಲೆ ಯಾರಿಗೆ ತಿದ್ದಿ ಹೇಳಲಿ?

ಅದು ಈಗ ದಿನವೂ ಮಾತಾಡುತ್ತದೆ. ಒಂದೇ ಮಾತು. ಅಜ್ಜಿ ಬಾಗಲಾ ಯಾಕ ತಗಿಯವಲ್ಲಳು?

ತಾರಾ


ನಿಪ್ಪಾಣಿ
10 ಜೂನ್ 2025

ಮಗ ಸಮ್ಮೇದನಿಗೆ ಅವ್ವನ ಆಶೀರ್ವಾದ.

ನೀನು ಬಸ್ಸಿಗೆ ಕೂರಿಸಿದ ಮೇಲೆ ಸುಖವಾಗಿ ಬಂದೆ. ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುವುದರೊಳಗೆ ಹೊಳೆ ಮುಗಿದಿತ್ತು. ಇಷ್ಟೇ ಇತ್ತೇನೋ ಇದು, ಅಂದುಕೊಂಡೆ. ನೇಮ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಏನು ಅಂತ ಊರಿಗೆ ತಿರುಗಿದ ಮೇಲೆ ಮಹಾರಾಜರನ್ನು ಕೇಳುತ್ತೇನೆ. ಎಷ್ಟು ಉಪವಾಸ ಹೇಳಿದರೂ ಮಾಡುತ್ತೇನೆ.

ತಾರಾಬಾಯಿ ಹೊತ್ತು ಮುಳುಗುವ ಮೊದಲು ಊಟಕ್ಕೆ ಬಡಿಸಿದಳು. ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು. "ಸಾರಿಗೆ ಉಪ್ಪ ಕಡಿಮಿ ಆಗೈತಿ" ಅಂದೆ. "ಹೌದ್ರೀ ಅಕ್ಕಾ" ಅಂದಳು. ಅಷ್ಟೇ ಮಾತು. ಎದ್ದು ಉಪ್ಪಿನ ಬಟ್ಟಲು ತಂದು ನನ್ನ ಮುಂದೆ ಇಟ್ಟಳು.

ಕೂಸಿನ ಸಂಗತಿ ಫೋನಿನಲ್ಲಿ ಹೇಳಲಾಗದು, ಅದು ಫೋನಿನ ಹತ್ತಿರವೇ ಇರುತ್ತದೆ. ಅದಕ್ಕೆ ಕಾಗದ. ನಾನು ಬಂದಾಗ ಬಾಗಿಲಲ್ಲಿ ನಿಂತಿತ್ತು. ನನ್ನನ್ನು ನೋಡಿತು. ಓಣಿಯ ಕಡೆ ನೋಡಿತು. ಹತ್ತಿರ ಬಂದು ನನ್ನ ಸೆರಗು ಎತ್ತಿ ಹಿಂದೆ ನೋಡಿತು. ಆಮೇಲೆ, "ಅವ್ವನ್ನ ಒಬ್ಬಾಕಿನ್ನ ಬಿಟ್ಟ ಬಂದಿಯೇನು?" ಅಂದಿತು.

ತೊಡೆಯ ಮೇಲೆ ಕೂರಿಸಿಕೊಂಡು ಖರೆ ಹೇಳಿದೆ. ನಿಮ್ಮವ್ವ ಸತ್ತಾಳ, ನನ ಕೂಸ. ಉಗಾರದಾಗ ಇಲ್ಲ, ಇಲ್ಲೂ ಇಲ್ಲ. ತಾರಾಬಾಯಿಯೂ ಬಂದು, ನಾನು ಸುಳ್ಳ ಹೇಳಿದ್ನಿ ಅಂದಳು. ಇಬ್ಬರನ್ನೂ ನೋಡಿ ಕತ್ತು ಅಲ್ಲಾಡಿಸಿತು. "ಬಾಗಲಾ ಹಾಕಿದ ಖೋಲ್ಯಾಗ ಅದಾಳ" ಅಂತು. ದೊಡ್ಡವರ ಮಾತನ್ನು ಅದು ಇನ್ನು ನಂಬುವುದಿಲ್ಲ. ತಾನೇ ನೋಡಬೇಕು.

ಅದಕ್ಕೆ ಬರುವ ರವಿವಾರ ಹತ್ತಕ್ಕೆ ನೀನು ಫೋನ್ ಹಚ್ಚು. ಬೆಳಿಗ್ಗೆಯೇ ಲಗಮಣ್ಣನನ್ನು ಕರೆಸಿ ತಂತಿ, ಪೆಟ್ಟಿಗೆ, ಬ್ಯಾಟರಿ ಎಲ್ಲ ನೋಡಿಸು. ಆವತ್ತು ನಡುವೆ ನಿಲ್ಲಬಾರದು. ಬಾಗಿಲು ತೆರೆಯುವಾಗ ಚಿತ್ರ ನಿಂತಿತೋ, ಕೂಸು ಸಾಯುವ ತನಕ ಆ ಬಾಗಿಲ ಮುಂದೆ ಕೂತಿರುತ್ತದೆ.

ತಲಬಾಗಿಲಿನಿಂದ ಶುರು ಮಾಡು. ಪಡಸಾಲೆ, ಅಡುಗೆಮನೆ, ದೇವರ ಖೋಲಿ. ಹಿತ್ತಲಿಗೆ ಹೋಗಿ ಎಮ್ಮೆ ತೋರಿಸು, ಕರು ತೋರಿಸು, ಅದಕ್ಕೆ ಕರು ಅಂದರೆ ಪ್ರೀತಿ. ಕಡೆಗೆ ಆ ಬಾಗಿಲು. ಚಿಲಕ ಗಟ್ಟಿಯಾಗಿರುತ್ತದೆ, ಶನಿವಾರವೇ ಎಣ್ಣೆ ಬಿಡು. ಮಂಚದ ಮೇಲೆ ಸ್ನೇಹಲಳ ಸೀರೆಯ ಗಂಟಿದೆ, ಅದನ್ನು ತೆಗೆದಿಡು, ಯಾರೋ ಹೊದ್ದು ಮಲಗಿದಂತೆ ಕಂಡೀತು. ಕಿಟಕಿ ತೆರೆದು ಬೆಳಕು ಮಾಡು. ಮಂಚದ ಕೆಳಗೆ ತೋರಿಸು, ಬಾಗಿಲ ಹಿಂದೆ ತೋರಿಸು, ಕಪಾಟು ತೆರೆದು ತೋರಿಸು. ಗಡಿಬಿಡಿ ಮಾಡಬೇಡ. ಇನ್ನೊಮ್ಮೆ ಅಂದರೆ ಇನ್ನೊಮ್ಮೆ ತೋರಿಸು.

ನಾನು ಈ ಕಡೆ ಅದನ್ನು ಹಿಡಿದುಕೊಂಡು ಕೂತಿರುತ್ತೇನೆ. ತಾರಾಬಾಯಿಯೂ ಇರುತ್ತಾಳೆ.

ನೀನು ಅಳಬೇಡ. ಅತ್ತರೆ ಕೈ ನಡುಗುತ್ತದೆ, ಚಿತ್ರ ಅಲುಗುತ್ತದೆ. ಎಲ್ಲ ಮುಗಿದು ಫೋನ್ ಇಟ್ಟ ಮೇಲೆ ಬೇಕಾದರೆ ಆ ಖೋಲಿಯಲ್ಲೇ ಕೂತು ಅಳು. ಹೊರಗೆ ಬರುವಾಗ ಬಾಗಿಲು ಮಾತ್ರ ಹಾಕಬೇಡ.

ನಿನ್ನ ಅವ್ವ